ಮೂಕಜೀವದ ಮೈಮಾತು: ಸಾಕುಪ್ರಾಣಿಗಳ ಆರೈಕೆಯಲ್ಲಿ ಈಗ ಏನು ಬದಲಾಗುತ್ತಿದೆ?

ಹನ್ನೆರಡು ದಾಟಿದ ಬೆಕ್ಕೊಂದು ಕಿಟಕಿಯ ಕೆಳಗೆ ನಿಂತಿದೆ. ಮೊನ್ನೆ ಮೊನ್ನೆಯವರೆಗೂ ಒಂದೇ ನೆಗೆತಕ್ಕೆ ಕಿಟಕಿಕಟ್ಟೆ ಏರಿ ಬಿಸಿಲಿಗೆ ಮೈಚಾಚುತ್ತಿದ್ದ ಬೆಕ್ಕು ಅದು. ಈಗ ತಲೆಯೆತ್ತಿ ನೋಡುತ್ತದೆ, ಹಿಂಗಾಲು ಮಡಿಸಿ ಮೈ ಹುದುಗಿಸಿಕೊಳ್ಳುತ್ತದೆ, ಇನ್ನೇನು ನೆಗೆಯಬೇಕು ಎನ್ನುವಾಗ ಹಿಂದೆ ಸರಿಯುತ್ತದೆ. ಒಂದು ಸುತ್ತು ಹಾಕಿ ಬಂದು ಮೊದಲು ಕುರ್ಚಿ, ಕುರ್ಚಿಯಿಂದ ಮೇಜು, ಮೇಜಿನಿಂದ ಕಟ್ಟೆ ಎಂದು ಮೂರು ಹಂತದಲ್ಲಿ ಏರಿ ಮಲಗುತ್ತದೆ. ನೋಡಿದವರು "ಪಾಪ, ವಯಸ್ಸಾಯಿತು" ಎಂದು ಸುಮ್ಮನಾಗುತ್ತಾರೆ. ಬೆಕ್ಕು ಕುಂಟಲಿಲ್ಲ, ಕೂಗಲಿಲ್ಲ, ಊಟ ಬಿಡಲಿಲ್ಲ.

ಆದರೂ ಅದಕ್ಕೆ ಕೀಲು ನೋಯುತ್ತಿರಬಹುದು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಲ್ಲಿ ಸವೆತದ ಗುರುತು ಕಂಡಿತ್ತು. ಅಂದರೆ ನಾವು ವಯಸ್ಸು ಎಂದು ಕರೆದದ್ದರ ಒಳಗೆ ಒಂದು ರೋಗ ಕುಳಿತಿರಬಹುದು, ಅದಕ್ಕೆ ಮದ್ದೂ ಇರಬಹುದು.

ಸಾಕುಪ್ರಾಣಿಗಳ ಆರೈಕೆ ಎಂದೊಡನೆ ಈಗ ಹೊಸ ಹೊಸ ಹೆಸರುಗಳು ಕಿವಿಗೆ ಬೀಳುತ್ತವೆ. ಧಾನ್ಯವಿಲ್ಲದ ಆಹಾರ, ಹಸಿ ಮಾಂಸದ ಪಥ್ಯ, ಉಸಿರು ಎಣಿಸುವ ಕೊರಳಪಟ್ಟಿ, ಡಿಎನ್‌ಎ ಪರೀಕ್ಷೆ, ತಿಂಗಳಿಗೊಂದು ಚುಚ್ಚುಮದ್ದು, ಆಯುಸ್ಸು ಹೆಚ್ಚಿಸುವ ಮಾತ್ರೆ. ಮೊದಲ ಸಲ ನಾಯಿಯನ್ನೋ ಬೆಕ್ಕನ್ನೋ ಮನೆಗೆ ತಂದವರು ಇದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಗೊಂದಲಕ್ಕೆ ಬೀಳುವುದು ಸಹಜ. ಇವನ್ನೆಲ್ಲ ತೂಗಿ ನೋಡಲು ನಾನು ಬಳಸುವ ತಕ್ಕಡಿ ಒಂದೇ: ಬಾಯಿಬಿಟ್ಟು ಹೇಳಲಾಗದ ಈ ಪ್ರಾಣಿಯ ಸಂಕಟವನ್ನು ಇದು ನನಗೆ ಬೇಗ ತಿಳಿಸುತ್ತದೆಯೇ, ಅಥವಾ ಆ ಸಂಕಟವೇ ಬಾರದಂತೆ ತಡೆಯುತ್ತದೆಯೇ? ಈ ಲೇಖನದ ಉದ್ದಕ್ಕೂ ಅದೇ ಪ್ರಶ್ನೆಯನ್ನು ಕೇಳುತ್ತಾ ಹೋಗೋಣ.

'ವೆಲ್‌ನೆಸ್' ಎಂದರೆ ಏನು?

ಹಿಂದೆ ಪಶುವೈದ್ಯರ ಬಳಿ ಹೋಗುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಲಸಿಕೆ, ಇನ್ನೊಂದು ಕಾಯಿಲೆ. ವೆಲ್‌ನೆಸ್ ಎಂಬ ಪದ ಇವೆರಡರ ನಡುವಿನ ದೊಡ್ಡ ಖಾಲಿ ಜಾಗವನ್ನು ಸೂಚಿಸುತ್ತದೆ. ಪ್ರಾಣಿ ಚೆನ್ನಾಗಿರುವಾಗಲೇ ತೂಕ, ಹಲ್ಲು, ರಕ್ತ, ಮೂತ್ರ, ನಡಿಗೆ, ನಡವಳಿಕೆಯನ್ನು ನೋಡಿ ಬರೆದಿಡುವುದು, ಮುಂದಿನ ಸಲ ಅದಕ್ಕೆ ಹೋಲಿಸುವುದು. ಕನ್ನಡದಲ್ಲಿ ಕ್ಷೇಮಪಾಲನೆ ಎನ್ನಬಹುದು.

ಇದು ಯಾಕೆ ಬೇಕಾಯಿತು ಎಂದರೆ, ಪ್ರಾಣಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಕಾಡಿನಲ್ಲಿ ಬಲಹೀನವಾಗಿ ಕಂಡ ಪ್ರಾಣಿ ಬೇರೊಂದರ ಬಾಯಿಗೆ ಬೀಳುತ್ತದೆ. ಮನೆಯ ಮೆತ್ತೆಯ ಮೇಲೆ ಮಲಗುವ ಬೆಕ್ಕಿಗೂ ಆ ಹಳೆಯ ಎಚ್ಚರ ಹೋಗಿಲ್ಲ. ಜೊತೆಗೆ ದೇಹವೂ ಬಹಳ ಕಾಲ ಸಂಭಾಳಿಸಿಕೊಂಡು ಹೋಗುತ್ತದೆ. ಮೂತ್ರಪಿಂಡದ ಕೆಲಸದ ಮುಕ್ಕಾಲು ಭಾಗ ಕುಂದುವವರೆಗೂ ಹಳೆಯ ಬಗೆಯ ರಕ್ತಪರೀಕ್ಷೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹೀಗಾಗಿಯೇ ಆರೋಗ್ಯವಾಗಿರುವಾಗಿನ ಅಂಕಿಗಳು ಕೈಯಲ್ಲಿದ್ದರೆ ಸಣ್ಣ ಇಳಿತವೂ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ, ವಯಸ್ಸಾದ ಪ್ರಾಣಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ ಎಂದು ವೈದ್ಯರು ಒತ್ತಿ ಹೇಳುವುದೂ ಇದಕ್ಕೇ.

ನೋವು ಮುಖದಲ್ಲಿ ಕಾಣುತ್ತದೆ

ಈ ಹತ್ತು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಬದಲಾವಣೆಗೆ ಯಂತ್ರವೂ ಬೇಡ, ಹಣವೂ ಬೇಡ. ಅದು ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ವಿಧಾನ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನು ಪ್ರಕಟಿಸಿದರು.

ಅದರಲ್ಲಿ ನೋಡಬೇಕಾದದ್ದು ಐದು ಸಂಗತಿ: ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ನೆಮ್ಮದಿಯಾಗಿರುವ ಬೆಕ್ಕಿನ ಕಿವಿ ನೆಟ್ಟಗೆ ಮುಂದಕ್ಕೆ ತಿರುಗಿರುತ್ತದೆ. ನೋವಿದ್ದರೆ ಎರಡು ಕಿವಿಗಳೂ ಒಂದರಿಂದೊಂದು ದೂರ ಸರಿದು ಹೊರಕ್ಕೆ ಚಪ್ಪಟೆಯಾಗುತ್ತವೆ. ಕಣ್ಣು ಅರ್ಧ ಮುಚ್ಚಿ ಕಿರಿದಾಗುತ್ತದೆ. ದುಂಡಗಿರುವ ಮೂತಿ ಬಿಗಿದು ಉದ್ದಕ್ಕೆ ಎಳೆದಂತಾಗುತ್ತದೆ. ಸಡಿಲವಾಗಿ ಬಾಗಿರುವ ಮೀಸೆ ಸೆಟೆದು ನೇರವಾಗುತ್ತದೆ. ತಲೆ ಹೆಗಲಿಗಿಂತ ಕೆಳಗೆ ಇಳಿಯುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ 2ರವರೆಗೆ ಅಂಕ. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವು ನಿವಾರಕದ ಅಗತ್ಯ ಇರಬಹುದು ಎಂದು ಅರ್ಥ. ಬೆಕ್ಕು ಎಚ್ಚರವಾಗಿ ಸುಮ್ಮನೆ ಕುಳಿತಿರುವಾಗ ನೋಡಬೇಕು. ತಿನ್ನುವಾಗ, ಮೈ ನೆಕ್ಕುವಾಗ, ನಿದ್ದೆ ಮಾಡುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ. ಇದು ಮುಖ್ಯವಾಗಿ ಹೊಸದಾಗಿ ಬಂದ, ತೀವ್ರವಾದ ನೋವಿಗೆ ಹೊಂದುವ ಅಳತೆ. ವರ್ಷಗಟ್ಟಲೆ ಮೆಲ್ಲಗೆ ಕಾಡುವ ಕೀಲುನೋವು ಮುಖಕ್ಕಿಂತ ನಡವಳಿಕೆಯಲ್ಲಿ ಕಾಣುತ್ತದೆ: ನೆಗೆತ ಬಿಡುವುದು, ಬೆನ್ನಿನ ಕೂದಲು ನೆಕ್ಕಿಕೊಳ್ಳದೆ ಗಂಟುಕಟ್ಟುವುದು, ಮುಟ್ಟಿದರೆ ಸಿಡುಕುವುದು.

ನಾಯಿಯಲ್ಲಿ ಸ್ವಲ್ಪ ಸುಲಭ. ಮಲಗಿ ಏಳುವಾಗ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿಟ್ಟು ಆಮೇಲೆ ಸಲೀಸಾಗಿ ನಡೆಯುವ ನಾಯಿಯನ್ನು ನೋಡಿ "ನೋಡು, ಸರಿಯಾಯಿತು" ಎಂದು ಸಮಾಧಾನ ಪಡುತ್ತೇವೆ. ಆ ನಾಲ್ಕು ಹೆಜ್ಜೆಯೇ ಕೀಲು ಸವೆತದ ಸುಳಿವು.

ಇಂಥ ನೋವಿಗೆ ಬಂದಿರುವ ಹೊಸ ಚಿಕಿತ್ಸೆ ಮಾನೋಕ್ಲೋನಲ್ ಆ್ಯಂಟಿಬಾಡಿ. ಹೆಸರು ಕಷ್ಟ, ಕೆಲಸ ಸರಳ. ದೇಹದಲ್ಲಿ ನೋವಿನ ಸಂದೇಶವನ್ನು ಹಿಗ್ಗಿಸುವ ಒಂದು ಪ್ರೋಟೀನ್ ಇದೆ. ಚುಚ್ಚುಮದ್ದಿನಲ್ಲಿರುವ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬೀಗದ ಕಿಂಡಿಯಲ್ಲಿ ಮೇಣ ತುಂಬಿದರೆ ಕೀಲಿಕೈ ಒಳಗೆ ಹೋಗುವುದಿಲ್ಲವಲ್ಲ, ಇಲ್ಲಿ ಮೇಣ ಮೆತ್ತುವುದು ಕೀಲಿಕೈಗೇ. ಪರಿಣಾಮ ಸುಮಾರು ಒಂದು ತಿಂಗಳು. ಬೆಕ್ಕುಗಳಿಗೆ ಕೊಡುವ ಫ್ರುನೆವೆಟ್‌ಮ್ಯಾಬ್ ಎಂಬ ಇಂಥ ಚುಚ್ಚುಮದ್ದಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಪ್ರಾಣಿಗಳಿಗೆಂದು ಆ ಸಂಸ್ಥೆಯ ಒಪ್ಪಿಗೆ ಪಡೆದ ಮೊದಲ ಮಾನೋಕ್ಲೋನಲ್ ಆ್ಯಂಟಿಬಾಡಿ ಅದು. ನಾಯಿಗಳಿಗೆ ಕೊಡುವ ಬೆಡಿನ್‌ವೆಟ್‌ಮ್ಯಾಬ್ ಅಲ್ಲಿ 2023ರಲ್ಲಿ ಬಂದಿತು. ಅನೇಕ ನಾಯಿಗಳು ಮತ್ತೆ ಮೆಟ್ಟಿಲು ಹತ್ತಿವೆ. ಹಾಗೆಯೇ ಕೆಲವು ನಾಯಿಗಳಲ್ಲಿ ತೂರಾಟ, ಸೆಳವು, ನಿಶ್ಶಕ್ತಿಯ ವರದಿಗಳು ಬಂದು, ಅದೇ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಆದ್ದರಿಂದ ಮೊದಲ ಚುಚ್ಚುಮದ್ದಿನ ನಂತರದ ವಾರಗಳಲ್ಲಿ ನಡಿಗೆಯನ್ನು ಗಮನಿಸಿ ಬರೆದಿಡಿ, ಏರುಪೇರು ಕಂಡರೆ ಮುಂದಿನ ಡೋಸಿಗೆ ಮೊದಲು ವೈದ್ಯರಿಗೆ ತಿಳಿಸಿ.

ಬಟ್ಟಲಿನೊಳಗಿನ ವಿಜ್ಞಾನ

ಆಹಾರದ ಬಗ್ಗೆ ನಡೆಯುವಷ್ಟು ವಾದ ಬೇರೆ ಯಾವುದರ ಬಗ್ಗೆಯೂ ನಡೆಯುವುದಿಲ್ಲ. ಒಂದು ಹಳೆಯ ಘಟನೆಯಿಂದ ಶುರುಮಾಡಿದರೆ ಎಲ್ಲವೂ ತಿಳಿಯಾಗುತ್ತದೆ.

1980ರ ದಶಕದಲ್ಲಿ ಅನೇಕ ಬೆಕ್ಕುಗಳು ಹೃದಯ ಹಿಗ್ಗಿ ಸಾಯುತ್ತಿದ್ದವು. ಹೃದಯದ ಗೋಡೆ ತೆಳುವಾಗಿ, ಹಳೆಯ ರಬ್ಬರ್ ಚೀಲದಂತೆ ಸಡಿಲಗೊಂಡು, ರಕ್ತ ತಳ್ಳಲು ಶಕ್ತಿ ಸಾಲದೆ ಹೋಗುವ ಕಾಯಿಲೆ. ಅವುಗಳ ರಕ್ತದಲ್ಲಿ ಟಾರಿನ್ ಎಂಬ ಅಮೈನೋ ಆಮ್ಲ ಕಡಿಮೆಯಿದೆ, ಅದನ್ನು ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆ ಎಂದು 1987ರಲ್ಲಿ ಸಂಶೋಧಕರು ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ತಯಾರಿಸಿದ ಬೆಕ್ಕಿನ ಆಹಾರವನ್ನೇ. ಹೊಟ್ಟೆ ತುಂಬುತ್ತಿತ್ತು, ಕೂದಲು ಹೊಳೆಯುತ್ತಿತ್ತು, ಒಂದೇ ಒಂದು ಪದಾರ್ಥ ಸಾಲದೆ ಹೃದಯ ಸೋಲುತ್ತಿತ್ತು. ತಯಾರಕರು ಟಾರಿನ್ ಪ್ರಮಾಣ ಹೆಚ್ಚಿಸಿದ ಮೇಲೆ ಆ ಕಾಯಿಲೆ ಅಪರೂಪವಾಯಿತು.

ಇದರಿಂದ ತಿಳಿಯುವುದು ಎರಡು. ಬೆಕ್ಕು ಮಾಂಸಾಹಾರಕ್ಕೇ ಒಗ್ಗಿದ ಪ್ರಾಣಿ. ಟಾರಿನ್ ಅನ್ನು ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ದೇಹಕ್ಕಿಲ್ಲ, ಗಜ್ಜರಿಯ ಕಿತ್ತಳೆ ಬಣ್ಣದ ಸತ್ವವನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಶಕ್ತಿಯೂ ಇಲ್ಲ. ನಾಯಿಯ ದೇಹ ಈ ಎರಡನ್ನೂ ಮಾಡಬಲ್ಲದು. ಹೀಗಾಗಿ ನಾಯಿಯ ಆಹಾರವನ್ನೇ ಬೆಕ್ಕಿಗೆ ನಿತ್ಯ ಕೊಡುವುದು ಅಪಾಯ. ಎರಡನೆಯದಾಗಿ, ಪೊಟ್ಟಣದ ಮೇಲಿನ 'ಸಂಪೂರ್ಣ ಮತ್ತು ಸಮತೋಲಿತ' ಎಂಬ ಮಾತು ಬರಿಯ ಹೊಗಳಿಕೆಯಾಗಿರಬೇಕಿಲ್ಲ. ಯಾವ ಮಾನದಂಡದ ಪ್ರಕಾರ, ಯಾವ ವಯಸ್ಸಿನ ಪ್ರಾಣಿಗೆ ಎಂದು ಅದರ ಪಕ್ಕದಲ್ಲೇ ಬರೆದಿರಬೇಕು. 'ಪೂರಕ ಆಹಾರ' ಎಂದಿದ್ದರೆ ಅದೊಂದನ್ನೇ ನಂಬಿ ಪ್ರಾಣಿಯನ್ನು ಸಾಕುವಂತಿಲ್ಲ.

ಈಗ ಧಾನ್ಯವಿಲ್ಲದ ಆಹಾರದ ವಿಷಯ. ಗೋಧಿ, ಜೋಳ ನಾಯಿಗೆ ಒಗ್ಗುವುದಿಲ್ಲ ಎಂಬ ನಂಬಿಕೆಯಿಂದ ಅವುಗಳ ಬದಲು ಬಟಾಣಿ, ಬೇಳೆಕಾಳು, ಆಲೂಗಡ್ಡೆ ಹಾಕಿದ ಆಹಾರ ಜನಪ್ರಿಯವಾಯಿತು. ವಾಸ್ತವದಲ್ಲಿ ನಾಯಿಗಳ ಆಹಾರ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಗೋಮಾಂಸ, ಹಾಲಿನ ಪದಾರ್ಥ, ಕೋಳಿಮಾಂಸದಂಥ ಪ್ರಾಣಿಜನ್ಯ ಪ್ರೋಟೀನ್. 2018ರ ಜುಲೈನಲ್ಲಿ ಅಮೆರಿಕದ ಔಷಧ ಆಡಳಿತ, ಇಂಥ ಆಹಾರ ತಿನ್ನುವ ಕೆಲವು ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಾಣುತ್ತಿದೆ ಎಂದು ತನಿಖೆ ಆರಂಭಿಸಿತು. ಕಾರಣ ಇಂಥದ್ದೇ ಎಂದು ಸಾಬೀತಾಗಿಲ್ಲ. ಆದರೆ ವೈದ್ಯರು ಹೇಳದೆ ಧಾನ್ಯ ಬಿಡಿಸಲು ಕಾರಣವಿಲ್ಲ ಎಂಬುದಂತೂ ನನಗೆ ಸ್ಪಷ್ಟ.

ಹಸಿ ಮಾಂಸದ ಪಥ್ಯವನ್ನು ಮೆಚ್ಚುವವರು ತೋಳದ ಉದಾಹರಣೆ ಕೊಡುತ್ತಾರೆ. ತೋಳ ಮಗುವಿನ ಕೆನ್ನೆ ನೆಕ್ಕುವುದಿಲ್ಲ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಇರಬಹುದು. ನಾಯಿಗೆ ಏನೂ ಆಗದೆ, ಅದರ ಬಾಯಿ, ಮಲ, ಬಟ್ಟಲಿನಿಂದ ಮನೆಯ ಮಕ್ಕಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ತಗಲಬಹುದು. 2024ರ ಕೊನೆಯಲ್ಲಿ ಅಮೆರಿಕದಲ್ಲಿ ಎಚ್5ಎನ್1 ಹಕ್ಕಿಜ್ವರದ ವೈರಸ್ ಇದ್ದ ಹಸಿ ಆಹಾರ ತಿಂದು ಮನೆಯ ಬೆಕ್ಕುಗಳು ಸತ್ತವು. ಬೇಯಿಸಿದರೆ ಈ ವೈರಸ್ ಸಾಯುತ್ತದೆ. ಮನೆಯಲ್ಲೇ ಅಡುಗೆ ಮಾಡಿ ಕೊಡಬೇಕೆಂಬ ಪ್ರೀತಿ ಇದ್ದವರು ಪಶು ಪೋಷಣಾ ತಜ್ಞರಿಂದ ಅಳತೆಯ ಸಮೇತ ಪಾಕವಿಧಾನ ಪಡೆದುಕೊಳ್ಳಿ. ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ತಪ್ಪಿದರೆ ಬೆಳೆಯುವ ಮರಿಯ ಮೂಳೆಯೇ ಸೊಟ್ಟಗಾಗುತ್ತದೆ.

ಮುಂಗೈ ಮುಟ್ಟಿ ನೋಡಿ

ದುಬಾರಿ ಆಹಾರಕ್ಕಿಂತ ದೊಡ್ಡ ವಿಷಯ ಅಳತೆ. 2002ರಲ್ಲಿ ಪ್ರಕಟವಾದ, ಇಡೀ ಆಯುಸ್ಸಿನುದ್ದಕ್ಕೂ ನಡೆದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಬೆಳೆಸಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ; ಆಹಾರ ಎರಡಕ್ಕೂ ಒಂದೇ. ಹೆಚ್ಚು ತಿಂದವುಗಳ ಮಧ್ಯಮ ಆಯುಸ್ಸು 11.2 ವರ್ಷ, ತೆಳ್ಳಗಿದ್ದವುಗಳದ್ದು 13. ಸುಮಾರು ಎರಡು ವರ್ಷದ ವ್ಯತ್ಯಾಸ. ಕೀಲು ಸವೆತಕ್ಕೆ ಚಿಕಿತ್ಸೆ ಬೇಕಾಗುವ ಕಾಲವೂ ತೆಳ್ಳಗಿನ ನಾಯಿಗಳಲ್ಲಿ ಮುಂದಕ್ಕೆ ಹೋಯಿತು.

ನಿಮ್ಮ ಪ್ರಾಣಿಯ ತೂಕ ಸರಿಯಿದೆಯೇ ಎಂದು ತಿಳಿಯಲು ನಿಮ್ಮ ಕೈ ಸಾಕು. ಎಡಗೈ ಮುಷ್ಟಿ ಬಿಗಿದು, ಬಲಗೈ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ಪ್ರಾಣಿಯ ಪಕ್ಕೆಲುಬು ಹಾಗೆ ಉಬ್ಬುಬ್ಬಾಗಿ ಸಿಕ್ಕಿದರೆ ಅದು ಬಡಕಲು. ಈಗ ಅಂಗೈ ಬಿಚ್ಚಿ ಬೆರಳುಗಳ ಬುಡದ ಮೆತ್ತನೆಯ ಭಾಗ ಒತ್ತಿ. ಪಕ್ಕೆಲುಬು ಹಾಗೆ ಒತ್ತಿದರೆ ಮಾತ್ರ ಸಿಗುವಂತಿದ್ದರೆ ಬೊಜ್ಜು. ಬೆರಳು ಚಾಚಿ ಮುಂಗೈಯ ಮೇಲ್ಭಾಗ ಸವರಿದಾಗ ತೆಳುವಾದ ಚರ್ಮದಡಿ ಮೂಳೆ ಸಿಗುತ್ತದಲ್ಲ, ಪಕ್ಕೆಲುಬು ಹಾಗಿರಬೇಕು. ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ವೈದ್ಯರು ಇದನ್ನೇ 1ರಿಂದ 9ರ ಅಂಕದಲ್ಲಿ ಬರೆಯುತ್ತಾರೆ. 4 ಅಥವಾ 5 ಒಳ್ಳೆಯದು.

ಬೊಜ್ಜು ಬರುವುದು ಹೆಚ್ಚಾಗಿ ಊಟಕ್ಕಿಂತ ನಡುನಡುವಿನ ತುಣುಕುಗಳಿಂದ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕ್ಯಾಲರಿ. 25 ಕ್ಯಾಲರಿಯ ಒಂದು ಚೂರು ಚೀಸ್ ನಮಗೆ ಲೆಕ್ಕಕ್ಕೇ ಇಲ್ಲ. ಬೆಕ್ಕಿಗೆ ಅದು ದಿನದ ಹತ್ತನೇ ಒಂದು ಭಾಗ. ತಿನಿಸುಗಳು ದಿನದ ಕ್ಯಾಲರಿಯ ಶೇ. 10 ಮೀರಬಾರದು ಎಂಬುದು ಸಾಮಾನ್ಯ ನಿಯಮ. ತೂಕ ಇಳಿಸುವಾಗ ಒಂದು ಎಚ್ಚರ: ದಪ್ಪಗಿರುವ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಊಟ ಬಿಟ್ಟರೂ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರಬಹುದು.

ಕೊರಳಪಟ್ಟಿಯ ಯಂತ್ರ ಮತ್ತು ಚರ್ಮದಡಿಯ ಚಿಪ್

ಇವೆರಡನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಮೈಕ್ರೋಚಿಪ್ ಅಕ್ಕಿಕಾಳಿನಷ್ಟು ಗಾತ್ರದ್ದು, ಚರ್ಮದ ಅಡಿಯಲ್ಲಿ ಇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಪ್ರಾಣಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ, ಅಂತರರಾಷ್ಟ್ರೀಯ ಮಾದರಿಯ ಚಿಪ್ ಆದರೆ 15 ಅಂಕಿಗಳ ಸಂಖ್ಯೆಯೊಂದನ್ನು ಹೇಳುತ್ತದೆ, ಅಷ್ಟೇ. ಆ ಸಂಖ್ಯೆಯ ಎದುರು ನಿಮ್ಮ ಈಗಿನ ದೂರವಾಣಿ ಸಂಖ್ಯೆ ದಾಖಲಾಗಿರದಿದ್ದರೆ ಚಿಪ್ ಇದ್ದೂ ಇಲ್ಲದಂತೆ. ಎಲ್ಲಿದೆ ಎಂದು ತೋರಿಸುವುದು ಜಿಪಿಎಸ್ ಕೊರಳಪಟ್ಟಿ; ಅದಕ್ಕೆ ಚಾರ್ಜ್ ಬೇಕು, ನೆಟ್‌ವರ್ಕ್ ಬೇಕು, ಅದು ಕೊರಳಿನಿಂದ ಕಳಚಲೂಬಹುದು.

ಹೊಸ ಕೊರಳಪಟ್ಟಿಗಳು ನಿದ್ದೆ, ನಡಿಗೆ, ಕೆರೆತ, ಉಸಿರಾಟವನ್ನೂ ಲೆಕ್ಕ ಹಾಕುತ್ತವೆ. ಒಂದು ದಿನದ ಅಂಕಿಗೆ ಬೆಲೆ ಕಡಿಮೆ, ತಿಂಗಳ ಏರಿಳಿತಕ್ಕೆ ಬೆಲೆ ಹೆಚ್ಚು. ಅದರಲ್ಲಿ ಅತ್ಯಂತ ಉಪಯುಕ್ತವಾದ ಅಂಕಿಯನ್ನು ಯಂತ್ರವಿಲ್ಲದೆಯೂ ಪಡೆಯಬಹುದು. ನಾಯಿ ಅಥವಾ ಬೆಕ್ಕು ಗಾಢ ನಿದ್ದೆಯಲ್ಲಿರುವಾಗ, ಕನಸು ಕಂಡು ಮೀಸೆ ಅದುರಿಸದ ಹೊತ್ತಿನಲ್ಲಿ, ಪಕ್ಕದಲ್ಲಿ ಕುಳಿತು ಎದೆ ಏರಿಳಿಯುವುದನ್ನು ನೋಡಿ. ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು ಉಸಿರು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ವೈದ್ಯರಿಗೆ ಕರೆ ಮಾಡಿ. ಹೃದ್ರೋಗವಿರುವ ಪ್ರಾಣಿಯ ಶ್ವಾಸಕೋಶದಲ್ಲಿ ನೀರು ಸೇರುತ್ತಿರುವುದನ್ನು, ಕೆಮ್ಮು ಏದುಸಿರು ಶುರುವಾಗುವ ಮೊದಲೇ ಈ ಎಣಿಕೆ ತಿಳಿಸಬಲ್ಲದು.

ಡಿಎನ್‌ಎ ಪರೀಕ್ಷೆಯ ಬಗ್ಗೆ ಚಿಕ್ಕದಾಗಿ: ಕಾಯಿಲೆಯ ವಿಷಯದಲ್ಲಿ ಕೆಲವು ಪರೀಕ್ಷೆಗಳಿಗೆ ನಿಜವಾದ ಬೆಲೆಯಿದೆ. ಕೋಲಿ ತಳಿಯ ಅನೇಕ ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷವಿರುತ್ತದೆ. ಅಂಥ ನಾಯಿಗೆ ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್ ಎಂಬ ಹುಳುಗಳ ಮದ್ದು ಮಿದುಳಿಗೇ ನುಗ್ಗಿ ವಿಷವಾಗುತ್ತದೆ. ಸ್ವಭಾವದ ವಿಷಯದಲ್ಲಿ ಮಾತ್ರ ತಳಿಯನ್ನು ನೆಚ್ಚಬೇಡಿ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ 2022ರ ಅಧ್ಯಯನದ ಪ್ರಕಾರ, ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ.

ಮನಸ್ಸಿನ ಹಸಿವು

ಬೇಸರವೂ ಒಂದು ಕಾಯಿಲೆಯ ಹಾಗೆ ಪ್ರಾಣಿಯನ್ನು ತಿನ್ನುತ್ತದೆ. ದಿನವಿಡೀ ನಾಲ್ಕು ಗೋಡೆಯ ನಡುವೆ ಇರುವ ನಾಯಿ ಪಾದ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು, ಮನೆಯವರು ಹೊರಟೊಡನೆ ಬಾಗಿಲು ಪರಚುವುದು ಹಟವಲ್ಲ, ದಿಗಿಲು. ಇದಕ್ಕೆ ಈಗ ಹೇಳುತ್ತಿರುವ ಉಪಾಯಗಳಲ್ಲಿ ಸರಳವಾದದ್ದು, ವಾಯುವಿಹಾರದಲ್ಲಿ ನಾಯಿಗೆ ಮೂಸಲು ಬಿಡುವುದು. ನಾವು ಕಂಬದ ಬಳಿ ನಿಂತ ನಾಯಿಯನ್ನು ಎಳೆದುಕೊಂಡು ಹೋಗುತ್ತೇವೆ. ಆ ಕಂಬದಲ್ಲಿ ಅದು ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು ಎಂದು ಓದುತ್ತಿರುತ್ತದೆ. ಇಪ್ಪತ್ತು ನಿಮಿಷ ತನ್ನಿಷ್ಟದಂತೆ ಮೂಸಿ ಬಂದ ನಾಯಿ ಮನೆಗೆ ಬಂದು ನೆಮ್ಮದಿಯಾಗಿ ಮಲಗುವುದನ್ನು ನೀವೇ ನೋಡಬಹುದು.

ಊಟವನ್ನು ಆಟಿಕೆಯೊಳಗೆ ಅಡಗಿಸಿ ಕೊಡುವುದು ಇನ್ನೊಂದು ಉಪಾಯ. ನಾಯಿಗಳಿಗೆ ಬಹಳ ಇಷ್ಟ. ಬೆಕ್ಕುಗಳ ಮಾತು ಬೇರೆ: 2021ರ ಒಂದು ಅಧ್ಯಯನದಲ್ಲಿ ಎರಡನ್ನೂ ಎದುರಿಗಿಟ್ಟಾಗ ಹೆಚ್ಚಿನ ಬೆಕ್ಕುಗಳು ಆಟಿಕೆ ಬಿಟ್ಟು ಸುಲಭವಾಗಿ ಸಿಗುವ ತಟ್ಟೆಯನ್ನೇ ಆರಿಸಿಕೊಂಡವು. ಬೆಕ್ಕಿಗೆ ಬೇಕಾದದ್ದು ಎತ್ತರದ ಜಾಗ, ಅಡಗುವ ಪೆಟ್ಟಿಗೆ, ಉಗುರು ಕೆರೆಯಲು ಗಟ್ಟಿಯಾದ ಕಂಬ, ದಿನಕ್ಕೆರಡು ಸಲ ಬೇಟೆಯಾಟ.

ಹೊಡೆದು ಬಗ್ಗಿಸಬೇಕು, ನಾನೇ ಯಜಮಾನ ಎಂದು ನಾಯಿಗೆ ತೋರಿಸಬೇಕು ಎಂಬ ಹಳೆಯ ತರಬೇತಿಯನ್ನು ಪ್ರಾಣಿ ವರ್ತನೆಯ ವೈದ್ಯರು ಈಗ ಒಪ್ಪುವುದಿಲ್ಲ. ಹೆದರಿಸಿದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಹೆದರಿಕೆಯನ್ನು ಬಿಡುವುದಿಲ್ಲ; ಮುಂದೊಂದು ದಿನ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ. ಮರಿಯಾಗಿದ್ದಾಗ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಕಂಡ ಜನ, ಸದ್ದು, ನೆಲ, ವಾಹನ ಜೀವನವಿಡೀ ಪರಿಚಿತವಾಗಿ ಉಳಿಯುತ್ತವೆ. ಬೆಕ್ಕಿನ ಮರಿಗೆ ಈ ಅವಧಿ 2ರಿಂದ 7 ವಾರ ಮಾತ್ರ.

ಹಲ್ಲು ಮತ್ತು ಲಸಿಕೆ

ಬಾಯಿಯ ವಾಸನೆಯನ್ನು ನಾಯಿಯ ಸಹಜ ವಾಸನೆ ಎಂದು ತಿಳಿದಿರುವುದು ದೊಡ್ಡ ತಪ್ಪು. ಹಲ್ಲಿನ ಮೇಲಿನ ಅಂಟು ಪದರ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಗಾರೆಯಂತೆ ಕೂರುತ್ತದೆ, ವಸಡಿನ ಅಡಿಗೆ ಇಳಿದು ಮೂಳೆ ತಿನ್ನುತ್ತದೆ. ಮೃದುವಾದ ಬ್ರಷ್, ಪ್ರಾಣಿಗಳಿಗೆಂದೇ ಮಾಡಿದ ಪೇಸ್ಟ್, ಸಾಧ್ಯವಾದರೆ ದಿನವೂ. ನಮ್ಮ ಪೇಸ್ಟ್ ಬೇಡ. ಅರಿವಳಿಕೆ ಇಲ್ಲದೆ ಹಲ್ಲು ಕೆರೆದು ಬಿಳಿ ಮಾಡಿಕೊಡುವ ಸೇವೆ ಕಣ್ಣಿಗೆ ಚೆಂದ. ರೋಗವಿರುವುದು ವಸಡಿನ ಅಡಿಯಲ್ಲಿ, ಎಚ್ಚರವಿರುವ ಪ್ರಾಣಿಯಲ್ಲಿ ಅಲ್ಲಿಗೆ ಉಪಕರಣ ಹೋಗುವುದಿಲ್ಲ.

ಲಸಿಕೆಯ ವಿಷಯದಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಮರಿಗೆ ಅದೇ ಲಸಿಕೆಯನ್ನು ಮೂರು ನಾಲ್ಕು ಸಲ ಯಾಕೆ ಎಂಬುದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವವರೆಗೆ ಅದು ಲಸಿಕೆಯನ್ನೂ ಶತ್ರು ಎಂದೇ ತಿಳಿದು ಅಳಿಸಿಬಿಡುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ 8ನೇ ವಾರಕ್ಕೆ ಮುಗಿದರೆ ಇನ್ನೊಂದರಲ್ಲಿ 14ನೇ ವಾರದವರೆಗೂ ಇರುತ್ತದೆ. ಯಾವಾಗ ಮುಗಿಯುತ್ತದೆ ಎಂದು ಹೊರಗಿನಿಂದ ತಿಳಿಯದ ಕಾರಣ, 16ನೇ ವಾರ ಅಥವಾ ಅದರ ನಂತರದವರೆಗೂ ಕೆಲವು ವಾರಗಳಿಗೊಮ್ಮೆ ಕೊಡುತ್ತಾ ಹೋಗುತ್ತಾರೆ. ಕೊನೆಯ ಡೋಸ್ ತಪ್ಪಿಸಿದರೆ ಮೊದಲಿನದೆಲ್ಲ ವ್ಯರ್ಥವಾಗಬಹುದು. ದೊಡ್ಡದಾದ ಮೇಲೆ ಪಾರ್ವೊ, ಡಿಸ್ಟೆಂಪರ್‌ನಂಥ ವೈರಸ್ ಕಾಯಿಲೆಗಳ ಮುಖ್ಯ ಲಸಿಕೆಗಳು ಪ್ರತಿ ವರ್ಷ ಬೇಕಿಲ್ಲ, ಮೂರು ವರ್ಷಕ್ಕೊಮ್ಮೆ ಸಾಕು ಎಂಬುದು ಜಾಗತಿಕ ಮಾರ್ಗಸೂಚಿಯ ನಿಲುವು. ರೇಬೀಸ್ ಲಸಿಕೆ ಮಾತ್ರ ನಿಮ್ಮ ಊರಿನ ಕಾನೂನು ಹೇಳಿದಂತೆ, ಒಂದು ಸಲವೂ ತಪ್ಪದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಎಂಬ ಅಂದಾಜಿದೆ. ಹೆಚ್ಚುಕಡಿಮೆ ಎಲ್ಲವೂ ನಾಯಿಯ ಕಡಿತದಿಂದ.

ಪ್ರೀತಿಯಿಂದ ಕೊಟ್ಟ ವಿಷ

ನೈಸರ್ಗಿಕ ಪೂರಕಗಳ ಪೈಕಿ ಕೀಲುನೋವಿಗೆ ಮೀನೆಣ್ಣೆಯ ಒಮೆಗಾ-3 ಕೊಬ್ಬಿಗೆ ತಕ್ಕಮಟ್ಟಿಗೆ ಆಧಾರವಿದೆ. ಗ್ಲುಕೋಸಮಿನ್‌ಗೆ ಇರುವ ಆಧಾರ ತೆಳು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಂತ, ನಮ್ಮ ಔಷಧದ ಡಬ್ಬಿಯ ಬಗ್ಗೆ ಹೇಳಲೇಬೇಕು.

ಜ್ವರ ಬಂದ ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟು ಅದನ್ನು ಕಳೆದುಕೊಂಡವರಿದ್ದಾರೆ. ಆ ಮಾತ್ರೆಯನ್ನು ನಿರ್ವಿಷಗೊಳಿಸುವ ರಾಸಾಯನಿಕ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲ. ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ನಾಯಿಗಳ ಚಿಗಟ ನಿವಾರಕದಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಲಿಲಿ ಹೂವಿನ ಪರಾಗ ಮೈಗೆ ತಾಗಿ ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡುತ್ತದೆ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡ. ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿ ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಗಂಟೆಯೊಳಗೆ ಕುಸಿಯುವಂತೆ ಮಾಡಬಲ್ಲದು. ತಿಂದದ್ದು ಗೊತ್ತಾದೊಡನೆ, ಲಕ್ಷಣ ಕಾಣುವವರೆಗೆ ಕಾಯದೆ, ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ.

ವಯಸ್ಸು, ಮತ್ತು ಕಿಟಕಿಯ ಕೆಳಗಿನ ಬೆಕ್ಕು

ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ಸರಿಯಲ್ಲ. ಡಿಎನ್‌ಎ ಮೇಲೆ ವಯಸ್ಸು ಬಿಡುವ ರಾಸಾಯನಿಕ ಗುರುತುಗಳನ್ನು ಲ್ಯಾಬ್ರಡಾರ್‌ಗಳಲ್ಲಿ ನೋಡಿದ 2020ರ ಅಧ್ಯಯನದ ಪ್ರಕಾರ, ಒಂದು ವರ್ಷದ ನಾಯಿ 31ರ ಮನುಷ್ಯನ ಹತ್ತಿರ, ನಾಲ್ಕು ವರ್ಷದ್ದು 53ರ ಹತ್ತಿರ, ಹನ್ನೆರಡರದ್ದು 70ರ ಆಸುಪಾಸು. ಆರಂಭದಲ್ಲಿ ಓಡುವ ಗಡಿಯಾರ ಆಮೇಲೆ ನಿಧಾನವಾಗುತ್ತದೆ. ಆಯುಸ್ಸು ಹೆಚ್ಚಿಸುವ ಔಷಧಗಳ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಸದ್ಯಕ್ಕೆ ನಾಯಿಯ ಆಯುಸ್ಸನ್ನು ಹಿಗ್ಗಿಸುತ್ತದೆ ಎಂದು ತೋರಿಸಿರುವುದು ಆ ಲ್ಯಾಬ್ರಡಾರ್‌ಗಳ ತೆಳು ಮೈ.

ಆದರೂ ಹೊಸ ಔಷಧದ ಮೇಲೆ ಭರವಸೆ ಇಡಲು ಕಾರಣವಿದೆ. ಬೆಕ್ಕುಗಳ ಎಫ್‌ಐಪಿ ಎಂಬ ಕೊರೊನಾ ವೈರಸ್ ಕಾಯಿಲೆ ಬಂದರೆ ಹತ್ತು ವರ್ಷದ ಹಿಂದೆ ಸಾವು ಬಹುತೇಕ ಖಚಿತ. ಜಿಎಸ್-441524 ಎಂಬ ಔಷಧದಿಂದ ಹೆಚ್ಚಿನ ಬೆಕ್ಕುಗಳು ಬದುಕಬಲ್ಲವು ಎಂದು 2019ರಲ್ಲಿ ತಿಳಿಯಿತು. ಬ್ರಿಟನ್‌ನಲ್ಲಿ 2021ರಿಂದ, ಅಮೆರಿಕದಲ್ಲಿ 2024ರಿಂದ ವೈದ್ಯರು ಕಾನೂನುಬದ್ಧವಾಗಿ ಬರೆದುಕೊಡುತ್ತಿದ್ದಾರೆ. ಹೊಟ್ಟೆಯಲ್ಲಿ ನೀರು ತುಂಬಿ ಮಲಗಿದ್ದ ಮರಿ ತಿಂಗಳಲ್ಲಿ ಎದ್ದು ಆಡುವುದನ್ನು ನೋಡಿದ ಮನೆಗಳು ಈಗ ಅನೇಕ.

ಕಿಟಕಿಯ ಕೆಳಗಿನ ಬೆಕ್ಕಿಗೆ ಇಂದೇ ಮಾಡಬಹುದಾದದ್ದಿದೆ. ಕಟ್ಟೆಯ ಕೆಳಗೆ ಜಾರದ ಬಟ್ಟೆ ಹೊದಿಸಿದ ಒಂದು ಗಟ್ಟಿ ಸ್ಟೂಲ್ ಇಡಿ. ಮಲದ ತಟ್ಟೆಯ ಒಂದು ಬದಿಯ ಅಂಚನ್ನು ತಗ್ಗಿಸಿ. ನೀರು, ಊಟ, ಹಾಸಿಗೆ ಮೂರೂ ಮೆಟ್ಟಿಲು ಹತ್ತದೆ ಸಿಗುವಂತಿರಲಿ. ಅದಕ್ಕೆ ಮೊದಲು ಮೊಬೈಲ್ ತೆಗೆದು, ಅದು ಹಿಂಗಾಲು ಮಡಿಸಿ, ಅಳೆದು, ಹಿಂದೆ ಸರಿಯುವ ಆ ಕ್ಷಣವನ್ನು ಚಿತ್ರೀಕರಿಸಿಕೊಳ್ಳಿ. ವೈದ್ಯರ ಮೇಜಿನ ಮೇಲೆ ಬೆಕ್ಕು ಹೆದರಿ ಮುದುಡಿ ಕುಳಿತಿರುತ್ತದೆ, ಅಲ್ಲಿ ನೆಗೆಯುವುದೂ ಇಲ್ಲ, ಕುಂಟುವುದೂ ಇಲ್ಲ. ಹತ್ತು ಸೆಕೆಂಡಿನ ಆ ವಿಡಿಯೊ ನೋಡಿದರೆ ಯಾವ ಕೀಲನ್ನು ಮೊದಲು ಮುಟ್ಟಬೇಕು ಎಂದು ಅವರಿಗೆ ತಿಳಿಯುತ್ತದೆ.